ಅಥೆನ್ಸಿಗೆ ಹೊರಟವರ ರಿವಾಲ್ವರ್ ಪೆಟ್ಟಿಗೆ

ಆಗ ನಾವಿನ್ನೂ ಕಾಲೇಜಿನಲ್ಲಿದ್ದೆವು. ತಿಂಗಳಿಗೊಂದು ಪ್ರಾಯೋಗಿಕ ಪತ್ರಿಕೆ ತರುತ್ತಿದ್ದೆವು, ನಾಲ್ಕೇ ಪುಟ. ಅದರಲ್ಲೊಮ್ಮೆ ಒಂದು ಅಪರಾಧ ಸುದ್ದಿ ಬರೆದೆವು. ತಲೆಬರಹದಲ್ಲಿ ‘ಪಿಸ್ತೂಲು’, ಸುದ್ದಿಯ ಒಳಗೆ ‘ರಿವಾಲ್ವರ್’, ಚಿತ್ರದ ಕೆಳಗೆ ‘ಬಂದೂಕು’. ಮೂರೂ ಒಂದೇ ವಸ್ತುವಿಗೆ. ಪತ್ರಿಕೆ ಹಂಚಿದ ಮರುದಿನವೇ ವಿಭಾಗಕ್ಕೆ ಫೋನು ಬಂತು. ಆ ಕಡೆ ಇದ್ದವರು ಸೇನೆಯಿಂದ ನಿವೃತ್ತರಾಗಿ ಊರಿಗೆ ಬಂದು ಅಡಿಕೆ ತೋಟ ನೋಡಿಕೊಂಡಿದ್ದ ಹಿರಿಯರು.

“ಮೂರರಲ್ಲಿ ಯಾವುದು ಮಾರಾಯ್ರೇ? ಮೂರೂ ಒಂದೇ ಅಂತ ನಿಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದಾರಾ?”

ಕ್ಷಮೆ ಕೇಳೋಣವೆಂದು ನಾವು ಮೂವರು ಅವರ ಮನೆಗೆ ಹೋದೆವು. ಮಜ್ಜಿಗೆ ಕೊಟ್ಟು, ಜಗಲಿಯಲ್ಲಿ ಕೂರಿಸಿ, ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಚಿತ್ರ ಬರೆದು ತೋರಿಸಿದರು. ಪಿಸ್ತೂಲಿನಲ್ಲಿ ಗುಂಡು ಕೂರುವ ಗೂಡು ನಳಿಗೆಯ ಬುಡದಲ್ಲೇ ಇರುತ್ತದೆ. ರಿವಾಲ್ವರಿನಲ್ಲಿ ಆರು ಗೂಡಿನ ಒಂದು ತಿರುಗಣೆ ಇರುತ್ತದೆ. ಪ್ರತಿ ಈಡಿಗೂ ಅದು ಒಂದೊಂದು ಮನೆ ತಿರುಗಿ, ಹೊಸ ಗೂಡನ್ನು ತಂದು ನಳಿಗೆಗೆ ಎದುರಾಗಿ ನಿಲ್ಲಿಸುತ್ತದೆ. “ಇಷ್ಟೇ ವ್ಯತ್ಯಾಸ. ಆದರೆ ಇಷ್ಟರಲ್ಲೇ ಎಲ್ಲ ಇದೆ” ಎಂದರು. ಹೊರಡುವಾಗ ಒಂದು ಪ್ರಶ್ನೆ ಹಾಕಿದರು. “ಗುರಿ ಹೊಡೆಯುವ ಸ್ಪರ್ಧೆಗೆ ಹೋಗುವವ ಯಾವ ರಿವಾಲ್ವರ್ ಆರಿಸಬೇಕು?” ಒಳ್ಳೆಯದನ್ನು, ಎಂದೆವು. ಅವರು ನಕ್ಕರು. “ಯಾವ ಸ್ಪರ್ಧೆ ಅಂತ ಮೊದಲು ಕೇಳಬೇಕಿತ್ತು ನೀವು. ಪತ್ರಕರ್ತರಾಗುವವರು!”

ಆ ಪ್ರಶ್ನೆ ಹಿಡಿದುಕೊಂಡು ಆಮೇಲೆ ಓದುತ್ತಾ ಹೋದೆವು. ಓದಿದಷ್ಟೂ ಇದು ಬರೀ ಯಂತ್ರದ ಕತೆಯಲ್ಲ ಅನ್ನಿಸಿತು. ನಿಯಮ ಬರೆಯುವವರು ಯಾರು, ಅದಕ್ಕೆ ತಕ್ಕ ಆಯುಧ ಕೊಳ್ಳಬಲ್ಲವರು ಯಾರು, ಕೊಂಡ ಮೇಲೆ ನಿಯಮ ಬದಲಾದರೆ ಹೊರಗುಳಿಯುವವರು ಯಾರು ಎಂಬುದೂ ಈ ಕತೆಯಲ್ಲಿದೆ. ನೂರಿಪ್ಪತ್ತು ವರ್ಷಗಳಲ್ಲಿ ಇದು ಮತ್ತೆ ಮತ್ತೆ ನಡೆದಿದೆ. ಅದರಲ್ಲಿ ನಮಗೆ ಅತ್ಯಂತ ಇಷ್ಟವಾದದ್ದು 1896ರ ಪ್ರಸಂಗ. ಅಲ್ಲಿಂದಲೇ ಶುರು ಮಾಡುತ್ತೇವೆ.

ಆ ವರ್ಷ ಏಪ್ರಿಲಿನಲ್ಲಿ ಅಥೆನ್ಸ್‌ನಲ್ಲಿ ಮೊದಲ ಆಧುನಿಕ ಒಲಿಂಪಿಕ್ಸ್. ಬೋಸ್ಟನ್ ಅಥ್ಲೆಟಿಕ್ ಅಸೋಸಿಯೇಷನ್ ಎಂಬ ಕ್ಲಬ್ಬು ಅಮೆರಿಕದಿಂದ ಕ್ರೀಡಾಪಟುಗಳನ್ನು ಕಳಿಸಿತ್ತು. ಅವರ ಪೈಕಿ ಜಾನ್ ಪೇನ್ ಎಂಬ ಗುರಿಕಾರನೂ ಇದ್ದ. ಅವನ ಅಣ್ಣ ಸಮ್ನರ್ ಪೇನ್ ಆಗ ಪ್ಯಾರಿಸ್‌ನಲ್ಲಿ ಗಾಸ್ತೀನ್ ರೆನೆತ್ ಎಂಬ ಹೆಸರಾಂತ ಕೋವಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ತಮ್ಮ ಪ್ಯಾರಿಸ್‌ಗೆ ಹೋಗಿ ಅಣ್ಣನನ್ನೂ ಹೊರಡಿಸಿದ. ಇಬ್ಬರೂ ಸಿರಿವಂತ ಮನೆತನದವರು. ಅಪ್ಪ ಚಾರ್ಲ್ಸ್ ಜಾಕ್ಸನ್ ಪೇನ್ ಅಮೆರಿಕದ ಅಂತರ್ಯುದ್ಧದಲ್ಲಿ ಜನರಲ್ ಆಗಿದ್ದವನು, ಹಾಯಿದೋಣಿಯ ಸ್ಪರ್ಧೆಗಳಲ್ಲೂ ದೊಡ್ಡ ಹೆಸರು.

ತೊಂದರೆ ಏನೆಂದರೆ, ಅಥೆನ್ಸ್‌ನಲ್ಲಿ ಯಾವ ಬಗೆಯ ಸ್ಪರ್ಧೆಗಳಿವೆ, ಅವುಗಳ ನಿಯಮವೇನು ಎಂಬುದು ಅವರಿಗೆ ಗೊತ್ತಿರಲಿಲ್ಲ. ದೂರ ಎಷ್ಟು, ಯಾವ ಅಳತೆಯ ನಳಿಗೆ, ಸೇನೆಯ ಆಯುಧವೋ ಗುರಿಗೆಂದೇ ಮಾಡಿದ್ದೋ ಒಂದೂ ಗೊತ್ತಿಲ್ಲ. ಮದುವೆ ಮನೆಗೆ ಅಡುಗೆಗೆ ಹೊರಟ ಭಟ್ಟರು ಎಷ್ಟು ಜನವೆಂದು ಗೊತ್ತಿಲ್ಲದೆ ಇದ್ದಬದ್ದ ಪಾತ್ರೆಯನ್ನೆಲ್ಲ ಹೇರಿಕೊಂಡು ಹೋದ ಹಾಗೆ, ಅವರು ಸಿಕ್ಕಿದ್ದನ್ನೆಲ್ಲ ತುಂಬಿಕೊಂಡರು. ಕೋಲ್ಟ್ ಕಂಪನಿಯ ಸೈನಿಕ ರಿವಾಲ್ವರುಗಳು, ಸ್ಮಿತ್ ಅಂಡ್ ವೆಸನ್‌ನ ‘ರಷ್ಯನ್’ ಮಾದರಿಯ ರಿವಾಲ್ವರುಗಳು, ಒಂದೇ ಗುಂಡಿನ ಸ್ಟೀವನ್ಸ್ ಪಿಸ್ತೂಲು, ವುರ್ಫ್ಲೈನ್ ಎಂಬ ಇನ್ನೊಂದು, ಜೇಬಿಗೆ ಹಾಕಿಕೊಳ್ಳುವಂಥವು ಎರಡು. ಜೊತೆಗೆ 3500 ಗುಂಡು.

ಅವುಗಳಲ್ಲಿ ‘ರಷ್ಯನ್’ ಎಂಬ ಹೆಸರು ಕಂಡಾಗ ನಾವು ಅದು ರಷ್ಯಾದ್ದೆಂದೇ ತಿಳಿದಿದ್ದೆವು. ಅಲ್ಲ. ಅದು ಅಮೆರಿಕದಲ್ಲೇ ತಯಾರಾದದ್ದು, ಆದರೆ ರಷ್ಯಾದ ಸೇನೆಗಾಗಿ. 1871ರಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿಗೆ ರಷ್ಯಾ ಸರ್ಕಾರದಿಂದ 20,000 ರಿವಾಲ್ವರಿನ ಆರ್ಡರ್ ಬಂತು. ವ್ಯವಹಾರ ಕುದುರಿಸಿದ ಅಲೆಕ್ಸಾಂಡರ್ ಗೋರ್ಲಫ್ ಎಂಬ ಸೇನಾಧಿಕಾರಿ ಸುಮ್ಮನೆ ಸಹಿ ಹಾಕಿ ಹೋಗುವ ಆಸಾಮಿಯಾಗಿರಲಿಲ್ಲ. ಗುಂಡು ಸರಿಯಿಲ್ಲ, ಬದಲಿಸಿ ಎಂದ. ಅಲ್ಲಿಯವರೆಗಿನ ಗುಂಡುಗಳಲ್ಲಿ ಸೀಸದ ಉಂಡೆ ಹಿತ್ತಾಳೆಯ ಕೊಳವೆಯಷ್ಟೇ ದಪ್ಪವಿರುತ್ತಿತ್ತು. ಅದರ ಹಿಂಭಾಗದ ಸಣ್ಣ ಹಿಮ್ಮಡಿ ಮಾತ್ರ ಕೊಳವೆಯೊಳಗೆ ಸಿಕ್ಕಿಕೊಂಡಿರುತ್ತಿತ್ತು. ನಳಿಗೆ ಸವೆಯದಿರಲಿ ಎಂದು ಬಳಿಯುವ ಜಿಡ್ಡು ಹೊರಗಡೆಯೇ. ಜೇಬಿನಲ್ಲಿಟ್ಟರೆ ಧೂಳು, ಮರಳು, ನೂಲಿನ ಚೂರು ಎಲ್ಲ ಅಂಟಿಕೊಳ್ಳುತ್ತಿತ್ತು. ಹೊಸ ಗುಂಡಿನಲ್ಲಿ ಸೀಸವನ್ನು ಕೊಳವೆಯ ಒಳಗೇ ಕೂರಿಸಿದರು, ಜಿಡ್ಡೂ ಒಳಗೇ ಉಳಿಯಿತು. ಗುಂಡು ಸ್ವಚ್ಛ, ನಳಿಗೆಗೆ ಹೊಂದಿಕೆಯೂ ಚೆನ್ನಾಗಿ. ಪಾಯಿಂಟ್ 44 ರಷ್ಯನ್ ಎಂದು ಹೆಸರಾದ ಈ ಗುಂಡು ಮುಂದಿನ ಮೂವತ್ತು ವರ್ಷ ಗುರಿಕಾರರ ಅಚ್ಚುಮೆಚ್ಚು. ಸೇನೆಯ ಕಂಟ್ರಾಕ್ಟಿನಿಂದ ಆಟದ ಮೈದಾನಕ್ಕೆ ಬಂದ ಅನುಕೂಲ ಇದು.

ಹಿಡಿಕೆಯ ಆಕಾರವನ್ನೂ ರಷ್ಯಾದವರು ಬದಲಿಸಿದರು. ಹಿಡಿಕೆಯ ಮೇಲ್ಭಾಗದಲ್ಲಿ ಒಂದು ಉಬ್ಬು ಸೇರಿಸಿದರು, ಹಾರಿಸಿದಾಗ ಒದೆತಕ್ಕೆ ರಿವಾಲ್ವರು ಅಂಗೈಯಲ್ಲಿ ಮೇಲಕ್ಕೆ ಜಾರದಿರಲಿ ಎಂದು. ಕತ್ತಿಗೆ ಹಿಡಿ ಹಾಕಿಸುವಾಗ ನಮ್ಮ ಊರಿನ ಆಚಾರಿ ಎರಡೆರಡು ಸಲ ಕೈಗೆ ಕೊಟ್ಟು ನೋಡುತ್ತಾನಲ್ಲ, ಹಾಗೆ. ಕೈ ಪ್ರತಿಸಲವೂ ಅದೇ ಜಾಗದಲ್ಲಿ ಕೂತರೆ ಮಾತ್ರ ಆರನೆಯ ಗುಂಡು ಮೊದಲನೆಯದರ ಹತ್ತಿರ ಬೀಳುತ್ತದೆ. ಇಲ್ಲೊಂದು ತಮಾಷೆಯೂ ಇದೆ. ರಷ್ಯಾದ ಆರ್ಡರು ಪೂರೈಸುವುದರಲ್ಲೇ ಕಂಪನಿ ಮುಳುಗಿಹೋಗಿತ್ತು. ಆ ಹೊತ್ತಿಗೆ 1873ರಲ್ಲಿ ಕೋಲ್ಟ್ ತನ್ನ ಹೊಸ ಸೈನಿಕ ಮಾದರಿ ತಂದು ಅಮೆರಿಕದ ಮಾರುಕಟ್ಟೆಯನ್ನು ಬಾಚಿಕೊಂಡಿತು. ರಷ್ಯಾದವರು ಆಮೇಲೆ ತಮ್ಮ ತುಲಾ ಕಾರ್ಖಾನೆಯಲ್ಲೇ ಅದರ ನಕಲು ಮಾಡತೊಡಗಿದರು.

ಪೇನ್ ಸಹೋದರರ ಪೆಟ್ಟಿಗೆಯಲ್ಲಿ ಈ ಎರಡೂ ಇದ್ದವು. ಸೈನಿಕ ಪಿಸ್ತೂಲಿನ ಸ್ಪರ್ಧೆ ಏಪ್ರಿಲ್ 10ರಂದು, ದೂರ 25 ಮೀಟರು, ಒಬ್ಬೊಬ್ಬರಿಗೆ 30 ಈಡು. ಇಬ್ಬರೂ ಕೋಲ್ಟ್ ಎತ್ತಿಕೊಂಡರು. ಸೇನೆಯ ಆಯುಧದ ಸ್ಪರ್ಧೆಗೆ ಸೇನೆಯ ಆಯುಧ. ಜಾನ್‌ಗೆ 442 ಅಂಕ, ಸಮ್ನರ್‌ಗೆ 380. ಮೂರನೆಯವನಾದ ಗ್ರೀಸಿನ ನಿಕೋಲಾಸ್ ಮೊರಾಕಿಸ್‌ಗೆ 205. ಅಂತರ ನೋಡಿ. ಇದು ಕೈಯ ಪಳಗಿಕೆಯೋ ಆಯುಧದ ಮೇಲ್ಮೆಯೋ? ಎರಡೂ ಇರಬೇಕು ಎನ್ನುವುದು ನಮ್ಮ ಅನಿಸಿಕೆ. ಬೋಸ್ಟನ್ನಿನಂಥ ಊರಲ್ಲಿ ಗುರಿ ಅಭ್ಯಾಸಕ್ಕೆಂದೇ ಕ್ಲಬ್ಬು, ಮೈದಾನ, ಬೇಕೆಂದಷ್ಟು ಗುಂಡು ಇದ್ದವನಿಗೂ ಉಳಿದವರಿಗೂ ಸಮ ಆಗುವುದು ಹೇಗೆ?

ಮರುದಿನ ಎರಡು ಸ್ಪರ್ಧೆ. ಒಂದು ವೇಗದ್ದು, 25 ಮೀಟರು. ಅದರಲ್ಲಿ ಅಣ್ಣತಮ್ಮ ಇಬ್ಬರನ್ನೂ ಹೊರಗಿಟ್ಟರು. ಕಾರಣ, ಅವರ ಆಯುಧ ‘ಬಳಕೆಯಲ್ಲಿರುವ ಕ್ಯಾಲಿಬರಿನದ್ದಲ್ಲ’. ಕ್ಯಾಲಿಬರ್ ಎಂದರೆ ನಳಿಗೆಯ ಒಳ ಅಳತೆ. ಅಷ್ಟೊಂದು ಹೊತ್ತುಕೊಂಡು ಹೋಗಿಯೂ ನಿಯಮಕ್ಕೆ ಹೊಂದುವ ಒಂದು ಅವರ ಬಳಿ ಇರಲಿಲ್ಲ! ಆ ಸ್ಪರ್ಧೆಯನ್ನು ಗ್ರೀಸಿನ ಇಯೋನಿಸ್ ಫ್ರಾಂಗುಡಿಸ್ 344 ಅಂಕಕ್ಕೆ ಗೆದ್ದ. ಇನ್ನೊಂದು 30 ಮೀಟರಿನ ಮುಕ್ತ ಪಿಸ್ತೂಲು. ಅದಕ್ಕೆ ಜಾನ್ ಇಳಿಯಲೇ ಇಲ್ಲ. ಮೊದಲನೆಯದನ್ನು ಗೆದ್ದವನು ಎರಡನೆಯದರಿಂದ ಹಿಂದೆ ಸರಿಯಬೇಕೆಂದು ಅಣ್ಣತಮ್ಮ ಮೊದಲೇ ಮಾತಾಡಿಕೊಂಡಿದ್ದರಂತೆ, ಆತಿಥ್ಯ ಕೊಟ್ಟ ಗ್ರೀಕರಿಗೆ ಮುಜುಗರವಾಗಬಾರದು ಎಂದು. ಸಮ್ನರ್ ಒಬ್ಬನೇ ಇಳಿದು ಗೆದ್ದ. ಅವನ ಅಂಕವೂ 442. ಎರಡನೆಯವನು ಡೆನ್ಮಾರ್ಕಿನ ಹೋಲ್ಗರ್ ನೀಲ್ಸನ್, 285.

ಒಲಿಂಪಿಕ್ಸ್‌ನಲ್ಲಿ ಗೆದ್ದ ಮೊದಲ ಅಣ್ಣತಮ್ಮ ಇವರೇ. ಒಯ್ದ 3500 ಗುಂಡಿನಲ್ಲಿ ಖರ್ಚಾದದ್ದು 96.

ನಮ್ಮ ಗುಂಪಿನಲ್ಲೊಬ್ಬಳಿಗೆ ಈ ಭಾಗ ಓದಿ ಸಿಟ್ಟು ಬಂತು. “ಇದ್ದವರು ಎಲ್ಲ ಬಗೆಯದ್ದನ್ನೂ ಒಯ್ಯಬಹುದು. ಒಂದೇ ಕೋವಿ ಇದ್ದವನು ಅದೇ ನಿಯಮಕ್ಕೆ ಸಿಕ್ಕಿಬಿದ್ದರೆ ಊರಿಗೆ ವಾಪಸ್ಸು, ಅಷ್ಟೇ ತಾನೆ?” ಎಂದಳು. ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಇನ್ನೂ ಓದಿದರೆ ಅದೇ ಮಾತು ಬೇರೆ ಬೇರೆ ವೇಷದಲ್ಲಿ ಸಿಗುತ್ತದೆ.

ಉದಾಹರಣೆಗೆ ಇಂಗ್ಲೆಂಡಿನ ಬಿಸ್ಲಿ. ಅಲ್ಲಿನ ನ್ಯಾಷನಲ್ ರೈಫಲ್ ಅಸೋಸಿಯೇಷನ್ ತನ್ನ ವಾರ್ಷಿಕ ಸ್ಪರ್ಧೆಗಳನ್ನು 1890ರಲ್ಲಿ ವಿಂಬಲ್ಡನ್ನಿನಿಂದ ಬಿಸ್ಲಿಗೆ ಸಾಗಿಸಿತು. (ಟೆನಿಸ್ ನೆನಪಾಗುವ ಅದೇ ವಿಂಬಲ್ಡನ್. ಅಲ್ಲಿ ಮೊದಲು ಗುಂಡಿನ ಸದ್ದೂ ಇತ್ತು.) ಸಂಘ ಹುಟ್ಟಿದ್ದೇ ನಾಡಿನ ಸ್ವಯಂಸೇವಕ ಸೈನಿಕರ ಗುರಿ ಪಳಗಲಿ ಎಂದು. ಹಾಗಾದರೆ ರಿವಾಲ್ವರ್ ಸ್ಪರ್ಧೆಯಲ್ಲಿ ಸೇನಾಧಿಕಾರಿ ಸೊಂಟಕ್ಕೆ ಕಟ್ಟಿಕೊಳ್ಳುವ ಒರಟು ಆಯುಧವೇ ಇರಬೇಕೋ, ಗುರಿಗೆಂದೇ ನಯವಾಗಿ ಮಾಡಿಸಿದ್ದಕ್ಕೂ ಜಾಗ ಕೊಡಬೇಕೋ? ಇದೇ ಜಗಳ. ಅಂಗಡಿಯವರಿಗಂತೂ ಹಬ್ಬ. ಅಮೆರಿಕದ ಕೋಲ್ಟ್ ಕಂಪನಿ 1894ರಲ್ಲಿ ತನ್ನ ಹಳೆಯ ಸೈನಿಕ ಮಾದರಿಗೆ ಉದ್ದ ಬಾಗಿದ ಹಿಡಿಕೆ, ಹೆಬ್ಬೆರಳಿಗೆ ಸುಲಭವಾಗಿ ಸಿಗುವಂತೆ ತಗ್ಗಿಸಿದ ಕುದುರೆ, ಅಗಲದ ಟ್ರಿಗರ್ ಇಟ್ಟು ಮಾರಾಟಕ್ಕೆ ಬಿಟ್ಟಿತು. ಅದಕ್ಕಿಟ್ಟ ಹೆಸರೇ ‘ಬಿಸ್ಲಿ’. ಒಂದು ಹಳ್ಳಿಯ ಸ್ಪರ್ಧೆಯ ಹೆಸರು ಸಮುದ್ರದಾಚೆಯ ಕಾರ್ಖಾನೆಯ ಮಾಲಿಗೆ ಅಂಟಿತು. ಕುದುರೆ ಎಂದರೆ ನಮ್ಮ ಕೇಪಿನ ಕೋವಿಯಲ್ಲಿ ಎತ್ತಿ ಕಟ್ಟುತ್ತೇವಲ್ಲ, ಅದೇ.

ಬಿಸ್ಲಿಯ ಆ ಕಾಲದ ದೊಡ್ಡ ಗುರಿಕಾರ ವಾಲ್ಟರ್ ವಿನಾನ್ಸ್. ಅಮೆರಿಕದ ಮನೆತನ, ಹುಟ್ಟಿದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, ಬಾಳಿದ್ದು ಇಂಗ್ಲೆಂಡಿನಲ್ಲಿ. ರಿವಾಲ್ವರ್ ಗುರಿಯ ಬಗ್ಗೆ 1901ರಲ್ಲಿ ದಪ್ಪ ಪುಸ್ತಕವನ್ನೇ ಬರೆದ. ಒಲಿಂಪಿಕ್ಸ್‌ನಲ್ಲಿ ಓಡುವ ಜಿಂಕೆಯ ಗುರಿಗೆ 1908ರಲ್ಲಿ ಚಿನ್ನ ಗೆದ್ದ ಈತ 1912ರಲ್ಲಿ ಶಿಲ್ಪಕಲೆಗೂ ಚಿನ್ನ ಗೆದ್ದ. ಹೌದು, ಆಗ ಒಲಿಂಪಿಕ್ಸ್‌ನಲ್ಲಿ ಶಿಲ್ಪಕ್ಕೂ ಪದಕವಿತ್ತು. 1920ರಲ್ಲಿ ಕುದುರೆಗಾಡಿ ಓಟದ ನಡುವೆಯೇ ಸತ್ತ. ಇಂಥವರ ಬಗ್ಗೆಯೇ ಬೇರೆ ಬರೆಯಬೇಕು, ಈಗ ಬೇಡ.

ವಿನಾನ್ಸ್ ಮೆಚ್ಚಿಕೊಂಡ ಆಯುಧಗಳಲ್ಲಿ ಒಂದರ ಹಿಂದೆ ಭಾರತದ ನಂಟಿದೆ. ಜಾರ್ಜ್ ಫಾಸ್ಬೆರಿ ಎಂಬಾತ ಬ್ರಿಟಿಷರ ಭಾರತ ಸೇನೆಯಲ್ಲಿದ್ದ ಅಧಿಕಾರಿ. ವಾಯವ್ಯ ಗಡಿಯ ಉಂಬೆಯ್ಲಾ ಕಾಳಗದಲ್ಲಿ 1863ರಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದವನು. ನಿವೃತ್ತನಾದ ಮೇಲೆ ಕೂತು ಒಂದು ವಿಚಿತ್ರ ರಿವಾಲ್ವರು ರೂಪಿಸಿದ. ಹಾರಿಸಿದಾಗ ಬರುವ ಒದೆತದಿಂದ ಮೇಲ್ಭಾಗವಿಡೀ ಹಿಂದಕ್ಕೆ ಜಾರಿ, ತಿರುಗಣೆಯನ್ನೂ ತಿರುಗಿಸಿ, ಕುದುರೆಯನ್ನೂ ತಾನೇ ಎತ್ತಿ ಕಟ್ಟುತ್ತದೆ. ಬೆರಳಿಗೆ ಉಳಿಯುವ ಕೆಲಸ ಮೆಲ್ಲಗೆ ಟ್ರಿಗರ್ ಎಳೆಯುವುದು ಮಾತ್ರ. 1901ರಲ್ಲಿ ಮಾರುಕಟ್ಟೆಗೆ ಬಂದ ಈ ವೆಬ್ಲಿ-ಫಾಸ್ಬೆರಿಯಿಂದ ವಿನಾನ್ಸ್ ಮರುವರ್ಷ ಹನ್ನೆರಡು ಹೆಜ್ಜೆ ದೂರದಲ್ಲಿ ಎರಡಂಗುಲದ ಗುರಿಯೊಳಗೆ ಆರು ಗುಂಡನ್ನು ಸುಮಾರು ಏಳು ಸೆಕೆಂಡಿನಲ್ಲಿ ಇಟ್ಟ. ಮೈದಾನದಲ್ಲಿ ಇಷ್ಟು ಚೆಂದದ ವಸ್ತು ಮೊದಲ ಮಹಾಯುದ್ಧದ ಕಂದಕಗಳಿಗೆ ಹೋದಾಗ ಕೆಸರು ಹಿಡಿದು ಸಿಕ್ಕಿಕೊಂಡಿತು. ಸ್ಪರ್ಧೆಗೆ ಒಳ್ಳೆಯದು ಯುದ್ಧಕ್ಕೆ ಆಗಲಿಲ್ಲ.

ಇಲ್ಲಿ ಸ್ವಲ್ಪ ನಿಂತು, ಹಿರಿಯರು ಕ್ಯಾಲೆಂಡರ್ ಹಾಳೆಯಲ್ಲಿ ಬರೆದ ಚಿತ್ರಕ್ಕೆ ವಾಪಸ್ಸು ಹೋಗಬೇಕು. ಆಯ್ಕೆಯ ತಲೆನೋವೆಲ್ಲ ಅದರಲ್ಲಿದೆ. ತಿರುಗಣೆಯಲ್ಲಿ ಆರು ಗೂಡು, ನಳಿಗೆ ಒಂದೇ. ಆರೂ ಗೂಡುಗಳು ಒಂದೊಂದಾಗಿ ಬಂದು ನಳಿಗೆಯ ನೇರಕ್ಕೇ ನಿಲ್ಲಬೇಕು. ಒಂದು ಗೂಡು ಕೂದಲೆಳೆಯಷ್ಟು ಓರೆಯಾದರೂ ಗುಂಡು ನಳಿಗೆಯ ಅಂಚಿಗೆ ತಾಗಿ ಒಳಹೋಗುತ್ತದೆ, ಗುರಿ ಕೆಡುತ್ತದೆ. ಅಲ್ಲದೆ ತಿರುಗಣೆ ತಿರುಗಬೇಕಾದರೆ ಅದಕ್ಕೂ ನಳಿಗೆಗೂ ನಡುವೆ ಸಣ್ಣ ಸಂದು ಬಿಡಲೇಬೇಕು. ಆ ಸಂದಿನಿಂದ ಹೊಗೆ, ಬಿಸಿಗಾಳಿ ಹೊರಕ್ಕೆ ನುಗ್ಗುತ್ತದೆ. ಒಂದೇ ಗುಂಡಿನ ಪಿಸ್ತೂಲಿಗೆ ಈ ಎರಡು ರಗಳೆಯೂ ಇಲ್ಲ. ಅದಕ್ಕೇ ನಿಧಾನವಾಗಿ ಗುರಿಯಿಟ್ಟು ಹೊಡೆಯುವ ಸ್ಪರ್ಧೆಗಳಲ್ಲಿ ರಿವಾಲ್ವರ್ ಬೇಗ ಹಿಂದೆ ಬಿತ್ತು. ಬೇಗ ಬೇಗ ಆರು ಹೊಡೆಯಬೇಕಾದಲ್ಲಿ ಉಳಿಯಿತು.

ಸಂದಿನ ರಗಳೆಗೆ ಚೆಂದದ ಪರಿಹಾರ ಕಂಡುಹಿಡಿದವರು ಬೆಲ್ಜಿಯಂನ ನಗಾಂತ್ ಕುಟುಂಬದವರು. ರಷ್ಯಾದ ಸೇನೆ ಸ್ವೀಕರಿಸಿದ ಅವರ 1895ರ ರಿವಾಲ್ವರಿನಲ್ಲಿ ಕುದುರೆ ಎತ್ತಿದಾಗ ತಿರುಗಣೆಯೇ ಮುಂದಕ್ಕೆ ಜರುಗಿ ನಳಿಗೆಯ ಬುಡಕ್ಕೆ ಒತ್ತಿಕೊಳ್ಳುತ್ತದೆ. ಗುಂಡಿನ ಹಿತ್ತಾಳೆ ಕೊಳವೆಯೂ ಉದ್ದ. ಅದರ ತುದಿ ನಳಿಗೆಯೊಳಕ್ಕೆ ತೂರಿ ಸಂದನ್ನು ಮುಚ್ಚಿಬಿಡುತ್ತದೆ. ಆದರೆ ಟ್ರಿಗರ್ ಎಳೆಯುವುದೆಂದರೆ ಬಾವಿಯಿಂದ ತುಂಬಿದ ಕೊಡ ಎಳೆದಂತೆ, ಅಷ್ಟು ಬಿಗಿ. ಬಹುಕಾಲದ ಮೇಲೆ ಸೋವಿಯತ್ ಕಾಲದಲ್ಲಿ ಎಫಿಮ್ ಖೈದುರೋವ್ ಎಂಬ ವಿನ್ಯಾಸಕ ಅದೇ ತತ್ತ್ವ, ಅದೇ ಗುಂಡು ಇಟ್ಟುಕೊಂಡು ಸ್ಪರ್ಧೆಗೆಂದೇ ಟೊಜ್-36 ಎಂಬ ರಿವಾಲ್ವರ್ ಮಾಡಿದ. ಹಗುರ ಟ್ರಿಗರ್, ಅಂಗೈಗೆ ಅಚ್ಚು ಹಾಕಿದಂಥ ಮರದ ಹಿಡಿಕೆ. ತುಲಾ ಕಾರ್ಖಾನೆಯಲ್ಲೇ ತಯಾರಾಯಿತು. ಸ್ಮಿತ್ ಅಂಡ್ ವೆಸನ್ನಿನ ನಕಲು ಮಾಡುತ್ತಿದ್ದ ಅದೇ ತುಲಾ.

ಅತ್ತ ಅಮೆರಿಕದಲ್ಲಿ ವೇಗದ ಹುಚ್ಚು. ಹಳೆಯ ಕ್ರಮದಲ್ಲಿ ಪ್ರತಿ ಈಡಿಗೂ ಹೆಬ್ಬೆರಳಿನಿಂದ ಕುದುರೆ ಎತ್ತಬೇಕು, ಆಮೇಲೆ ಟ್ರಿಗರ್. ಇದು ನಿಧಾನ, ಆದರೆ ಟ್ರಿಗರ್ ಹಗುರ. ಇನ್ನೊಂದು ಕ್ರಮದಲ್ಲಿ ಟ್ರಿಗರ್ ಎಳೆದರೆ ಸಾಕು, ಕುದುರೆ ಏಳುವುದು, ತಿರುಗಣೆ ತಿರುಗುವುದು, ಕುದುರೆ ಬೀಳುವುದು ಎಲ್ಲ ಒಂದೇ ಎಳೆತದಲ್ಲಿ. ಇದು ವೇಗ, ಆದರೆ ಎಳೆತ ಉದ್ದ ಮತ್ತು ಭಾರ. ಗುರಿ ತಪ್ಪುತ್ತದೆ ಎಂದು ಹಳಬರು ಇದನ್ನು ಹೀಗಳೆಯುತ್ತಿದ್ದರು. ಎಡ್ ಮೆಕ್‌ಗಿವರ್ನ್ ಎಂಬ ಮೊಂಟಾನಾ ರಾಜ್ಯದ ದಢೂತಿ ಮನುಷ್ಯ ಆ ಮಾತನ್ನು ಸುಳ್ಳು ಮಾಡಿದ. 1932ರ ಆಗಸ್ಟ್ 20ರಂದು ಸೌತ್ ಡಕೋಟಾದಲ್ಲಿ 15 ಅಡಿ ದೂರದಿಂದ 0.45 ಸೆಕೆಂಡಿನಲ್ಲಿ ಐದು ಗುಂಡು ಹಾರಿಸಿದ. ಐದೂ ತೂತುಗಳನ್ನು ಒಂದು ಬೆಳ್ಳಿ ಅರ್ಧ ಡಾಲರು ನಾಣ್ಯದಿಂದ ಮುಚ್ಚಬಹುದಿತ್ತು. ಅಂದಿನಿಂದ ವೇಗದ ಸ್ಪರ್ಧೆಗೆ ರಿವಾಲ್ವರ್ ಆರಿಸುವವನು ಮೊದಲು ನೋಡುವುದು ಆ ಉದ್ದ ಎಳೆತ ನುಣುಪಾಗಿದೆಯೇ ಎಂದು. ಒಳಗಿನ ಚೂರುಗಳನ್ನು ಉಜ್ಜಿ, ಸ್ಪ್ರಿಂಗು ಬದಲಿಸಿ ಕೊಡುವ ಕಸುಬುದಾರರೇ ಹುಟ್ಟಿಕೊಂಡರು.

ಆರು ಹೊಡೆದಾದ ಮೇಲೆ ಮತ್ತೆ ತುಂಬುವುದು ಇನ್ನೊಂದು ಕಷ್ಟ. ಇದಕ್ಕೂ ಉಪಾಯ ಬಂದದ್ದು ಯುದ್ಧದಿಂದ. 1917ರಲ್ಲಿ ಅಮೆರಿಕದ ಸೇನೆಗೆ ಪಿಸ್ತೂಲು ಸಾಲದೆ, ಪಿಸ್ತೂಲಿನ ಗುಂಡನ್ನೇ ಹಾರಿಸಬಲ್ಲ ರಿವಾಲ್ವರುಗಳನ್ನು ಮಾಡಿಸಿದರು. ಪಿಸ್ತೂಲಿನ ಗುಂಡಿನ ಬುಡಕ್ಕೆ ಹೊರಚಾಚಿದ ಅಂಚಿಲ್ಲ, ಖಾಲಿ ಕೊಳವೆ ತಿರುಗಣೆಯಿಂದ ಸಲೀಸಾಗಿ ಹೊರಬರುವುದಿಲ್ಲ. ಅದಕ್ಕೆ ಮೂರು ಮೂರು ಗುಂಡನ್ನು ಹಿಡಿದಿಡುವ ಅರ್ಧಚಂದ್ರಾಕಾರದ ತಗಡು ಮಾಡಿದರು. ಮುಂದೆ ಅದೇ ಪೂರ್ಣಚಂದ್ರವಾಗಿ, ಆರು ಗುಂಡೂ ಒಂದೇ ಸಲ ಒಳಗೆ. 1999ರಲ್ಲಿ ಜೆರ್ರಿ ಮಿಕ್ಯುಲೆಕ್ ಎಂಬಾತ ಆರು ಹೊಡೆದು, ಖಾಲಿ ಮಾಡಿ, ಮತ್ತೆ ತುಂಬಿ, ಇನ್ನಾರು ಹೊಡೆದ. ಒಟ್ಟು 2.99 ಸೆಕೆಂಡು. ಕೈಯಲ್ಲಿದ್ದದ್ದು ಸ್ಮಿತ್ ಅಂಡ್ ವೆಸನ್ 625. ನಾವು ಇದರ ವಿಡಿಯೋವನ್ನು ಮೂರು ಸಲ ನೋಡಿದೆವು. ತುಂಬಿದ್ದು ಯಾವಾಗ ಎಂದು ಮೂರನೆಯ ಸಲವೂ ಕಾಣಲಿಲ್ಲ.

ಹಾಗಾಗಿ ಅಮೆರಿಕದಲ್ಲಿ ಈ ಬಗೆಯ ಸ್ಪರ್ಧೆಗೆ ಇಳಿಯುವವರು ಹೆಚ್ಚಾಗಿ 625 ಕೊಳ್ಳುತ್ತಿದ್ದರು. ಅಲ್ಲಿನ ಸಂಘದ ರಿವಾಲ್ವರ್ ವಿಭಾಗದಲ್ಲಿ ಮತ್ತೆ ತುಂಬುವ ಮೊದಲು ಆರಕ್ಕಿಂತ ಹೆಚ್ಚು ಹೊಡೆಯುವಂತಿರಲಿಲ್ಲ. 625 ಆರರದ್ದು, ಸರಿಹೋಯಿತು. 2014ರಲ್ಲಿ ನಿಯಮ ಬದಲಾಯಿತು. ಕಡಿಮೆ ಶಕ್ತಿಯ ಗುಂಡಾದರೆ ಎಂಟು ಹೊಡೆಯಬಹುದು ಎಂದರು. ಅದೇ ವರ್ಷ ಕಂಪನಿ ಎಂಟು ಗೂಡಿನ 929 ಎಂಬ ಮಾದರಿ ಬಿಟ್ಟಿತು, ಮಿಕ್ಯುಲೆಕ್‌ನ ಹೆಸರಿನಲ್ಲಿ. ವರ್ಷಗಟ್ಟಲೆ ಹಣ ಕೂಡಿಸಿ 625 ಕೊಂಡು, ಅದಕ್ಕೆ ಕೈ ಪಳಗಿಸಿಕೊಂಡವರಿಗೆ ಒಂದೇ ಬೆಳಗಿನಲ್ಲಿ ಎರಡು ಗುಂಡು ಕಡಿಮೆಬಿತ್ತು. ಎಂಟು ಗುರಿಯ ಸಾಲಿನಲ್ಲಿ ಆರರವನು ನಡುವೆ ನಿಂತು ತುಂಬಬೇಕು, ಎಂಟರವನು ಆ ಹೊತ್ತಿಗೆ ಮುಗಿಸಿರುತ್ತಾನೆ. ವಿಭಾಗಕ್ಕೆ ಹೊಸಬರನ್ನು ಸೆಳೆಯಲು ಈ ಬದಲಾವಣೆ ಬೇಕಿತ್ತು ಎನ್ನುವವರೂ ಇದ್ದಾರೆ, ಇರಲಿ. ನಮಗೆ ಮಾತ್ರ ಅಥೆನ್ಸ್‌ನಲ್ಲಿ ‘ಬಳಕೆಯ ಕ್ಯಾಲಿಬರ್ ಅಲ್ಲ’ ಎನ್ನಿಸಿಕೊಂಡವರ ನೆನಪಾಯಿತು. ವ್ಯತ್ಯಾಸ ಏನೆಂದರೆ ಅಲ್ಲಿ ಸಿಕ್ಕಿಬಿದ್ದವರು ಪೆಟ್ಟಿಗೆ ತುಂಬ ಆಯುಧ ಇದ್ದವರು, ಇಲ್ಲಿ ಒಂದೇ ಇದ್ದವರು.

ಇನ್ನು ನಮ್ಮ ಕಡೆಯ ವಿಷಯ. ಪೇನ್ ಸಹೋದರರು ಅಥೆನ್ಸಿಗೆ ಹೋದ ಅದೇ 1896ರಲ್ಲಿ ಸ್ಮಿತ್ ಅಂಡ್ ವೆಸನ್ ಒಂದು ಸಣ್ಣ ರಿವಾಲ್ವರನ್ನೂ ಅದಕ್ಕೆಂದೇ ಒಂದು ಸಣ್ಣ ಗುಂಡನ್ನೂ ತಂದಿತು. ಪಾಯಿಂಟ್ 32 ಲಾಂಗ್. ಒದೆತ ಕಡಿಮೆ, ಸದ್ದು ಕಡಿಮೆ, ನೋಡಲು ಬಡಪಾಯಿ. ಆದರೆ ನೂರು ವರ್ಷ ದಾಟಿದ ಮೇಲೂ 25 ಮೀಟರಿನ ಸೆಂಟರ್‌ಫೈರ್ ಸ್ಪರ್ಧೆಯಲ್ಲಿ ಜಗತ್ತಿನ ಒಳ್ಳೊಳ್ಳೆಯ ಗುರಿಕಾರರು ಹಾರಿಸುವುದು ಇದನ್ನೇ, ಚಪ್ಪಟೆ ಮೂತಿಯ ಸೀಸ ಕೂರಿಸಿ. ಕಾಗದದಲ್ಲಿ ಕತ್ತರಿಯಿಂದ ಕತ್ತರಿಸಿದಂತೆ ದುಂಡನೆ ತೂತು ಮಾಡುತ್ತದೆ, ಅಂಕ ಎಣಿಸಲು ಸುಲಭ. ಆ ಸ್ಪರ್ಧೆಯಲ್ಲಿ 60 ಈಡು. ಅರ್ಧ ನಿಧಾನದ್ದು, ಐದೈದು ಈಡಿಗೆ ಐದೈದು ನಿಮಿಷ. ಇನ್ನರ್ಧದಲ್ಲಿ ಗುರಿ ಮೂರು ಸೆಕೆಂಡು ಮುಖ ತೋರಿಸಿ ಏಳು ಸೆಕೆಂಡು ಮರೆಯಾಗುತ್ತದೆ, ಪ್ರತಿ ಸಲ ಒಂದೇ ಈಡು. 7.62ರಿಂದ 9.65 ಮಿಲಿಮೀಟರ್ ವರೆಗಿನ ನಳಿಗೆ ಇರಬೇಕು. ರಿವಾಲ್ವರಿಗೂ ಅವಕಾಶವಿದೆ, ಆದರೆ ಈಗ ಹೆಚ್ಚಿನವರದ್ದು ಪಿಸ್ತೂಲೇ. ನಮ್ಮ ಜಸ್ಪಾಲ್ ರಾಣಾ 1994ರ ಹಿರೋಷಿಮಾ ಏಷ್ಯನ್ ಗೇಮ್ಸ್‌ನಲ್ಲೂ 2006ರ ದೋಹಾದಲ್ಲೂ ಚಿನ್ನ ತಂದದ್ದು ಇದೇ ಸ್ಪರ್ಧೆಯಲ್ಲಿ. ದೋಹಾದಲ್ಲಿ 590 ಅಂಕ, ಆಗಿನ ವಿಶ್ವದಾಖಲೆಗೆ ಸಮ.

ಭಾರತದಲ್ಲಿ ಸಾಮಾನ್ಯರಿಗೆ ಸಿಗುವ ಸರ್ಕಾರಿ ಕಾರ್ಖಾನೆಯ ರಿವಾಲ್ವರಿನ ಗುಂಡೂ ಇದೇ 32. ಸೇನೆ ಮತ್ತು ಪೊಲೀಸರು ಬಳಸುವ ಅಳತೆಗಳು ನಾಗರಿಕರಿಗೆ ನಿಷಿದ್ಧವಾದ್ದರಿಂದ ಉಳಿದದ್ದು ಇದು. ಅಂದರೆ, ಯಾವ ಗುಂಡಿನ ನಿಖರತೆಗಾಗಿ ಜರ್ಮನಿ, ಇಟಲಿಯ ಕಂಪನಿಗಳು ಲಕ್ಷಗಟ್ಟಲೆಯ ಪಿಸ್ತೂಲು ಮಾಡುತ್ತವೋ ಅದೇ ಗುಂಡು ನಮ್ಮ ಊರಿನ ಲೈಸೆನ್ಸುದಾರರ ಬೀರುವಿನಲ್ಲೂ ಇದೆ. ಗಿಡ್ಡ ನಳಿಗೆ, ಬಿಗಿ ಟ್ರಿಗರ್, ಸರಿಪಡಿಸಲಾಗದ ಗುರಿಮೊನೆಯ ಆಯುಧದಲ್ಲಿ. ಆತ್ಮರಕ್ಷಣೆಗೆಂದು ಕೊಟ್ಟದ್ದು, ಅದರಿಂದ ಸ್ಪರ್ಧೆಗಿಳಿದರೆ ಪದಕ ಬಾರದು.

ಕೊಡಗಿನಲ್ಲಾದರೆ? ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳನ್ನು ನಾವು ನೋಡಿದ್ದೇವೆ, ವರದಿ ಮಾಡಿದ್ದೇವೆ. ಮುದುಕರು, ಹೆಂಗಸರು, ಕಾಲೇಜು ಹುಡುಗಿಯರು ಸಾಲಾಗಿ ನಿಂತು ಹೊಡೆಯುತ್ತಾರೆ. ಬ್ರಿಟಿಷರ ಕಾಲದಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ, ರಾಜ್ಯದ ಹೈಕೋರ್ಟು 2021ರಲ್ಲಿ ಎತ್ತಿಹಿಡಿದಿದೆ.   ಹುಟ್ಟಿದ ಮಗುವಿಗೆ ಕೋವಿಯ ಗೌರವ ಸಲ್ಲಿಸುವ ನಾಡು ಅದು. 2019ರ ತಿದ್ದುಪಡಿಯಲ್ಲಿ ಒಬ್ಬರಿಗೆ ಮೂರು ಆಯುಧ ಇದ್ದದ್ದು ಎರಡಕ್ಕೆ ಇಳಿಯಿತು. ಹೆಸರು ಮಾಡಿದ ಕ್ರೀಡಾಪಟುಗಳಿಗೆ ಹೆಚ್ಚಿನ ವಿನಾಯಿತಿ ಇದೆ. ಹೆಸರು ಮಾಡುವುದಕ್ಕೆ ಮೊದಲು ಏನು ಮಾಡಬೇಕು ಎನ್ನುವುದೇ ಹಳ್ಳಿಯ ಮಕ್ಕಳ ಪ್ರಶ್ನೆ.

ಇಷ್ಟೆಲ್ಲ ಓದಿ ಬರೆದ ಮೇಲೆ ಹೋದ ತಿಂಗಳು ಮತ್ತೆ ಆ ಹಿರಿಯರ ಮನೆಗೆ ಹೋದೆವು. ಈ ಸಲ ಉತ್ತರ ತಯಾರಿತ್ತು. ಪೇನ್ ಸಹೋದರರ ಕತೆ ಹೇಳಿದೆವು, ಗಮನವಿಟ್ಟು ಕೇಳಿದರು. 96 ಗುಂಡು ಎಂದಾಗ, “ಉಳಿದದ್ದನ್ನು ವಾಪಸ್ಸು ಒಯ್ದರಾ, ಅಲ್ಲೇ ಮಾರಿದರಾ?” ಎಂದು ಕೇಳಿದರು. ಅದನ್ನು ನಾವು ಎಲ್ಲೂ ಓದಿರಲಿಲ್ಲ. ಅವರ ಬಳಿ ಲೈಸೆನ್ಸಿನ 32 ರಿವಾಲ್ವರ್ ಇದೆಯೆಂದು ಊರಿಗೆಲ್ಲ ಗೊತ್ತು. ತಿರುಗಣೆ ನಳಿಗೆಗೆ ಎದುರಾಗಿ ನಿಲ್ಲುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು, ಖಾಲಿ ಇರುವಾಗ ತೋರಿಸ್ತೀರಾ ಸರ್, ಎಂದೆವು.

“ಎಲ್ಲಿದೆ ಈಗ? ಚುನಾವಣೆ ಅಲ್ಲವಾ” ಎಂದು ಒಳಗಿನಿಂದ ರಶೀದಿ ತಂದು ತೋರಿಸಿದರು. ಊರಿನ ಕೋವಿಗಳ ಜೊತೆ ಅದೂ ಠಾಣೆಯಲ್ಲಿ ಡಿಪಾಸಿಟ್ ಆಗಿತ್ತು. ರಶೀದಿಯಲ್ಲಿ ಯಾರೋ ನೀಲಿ ಶಾಯಿಯಲ್ಲಿ ದುಂಡಗೆ ಬರೆದಿದ್ದರು, ‘ಪಿಸ್ತೂಲು – 1’.